ಲಕ್ಕವ್ವನ ಬದಲು ನಾನು ಕೊಟ್ಟ ಉತ್ತರ

ನನ್ನ ತಂಗಿ ಲಕ್ಕವ್ವನನ್ನು ನಾನು ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ಅವಳು ಬಾಗಿಲ ಹಿಂದೆಯೇ ನಿಂತಿದ್ದಳು.

ಪುಣೆಗೆ ಬಂದ ದಿನ ಸಂಜೆ ನಮ್ಮ ತಲೆಯ ಮೇಲೆ ಯಾರೋ ನಡೆದಾಡಿದರು. ನಾನು ಕೋಲು ಹಿಡಿದು ಎದ್ದೆ.

"ಕುಂಡ್ರು ಅಣ್ಣಾ, ಮ್ಯಾಲಿನ ಮನಿಯವರು ಊಟಕ್ಕ ಏಳಾಕತ್ತಾರ," ಎಂದು ಲಕ್ಕವ್ವ ನಕ್ಕಳು.

ಮೂಡಲಗಿಯ ಕಡೆ ಕುರಿಗಳ ಜೊತೆ ಬೆಳೆದ ನನಗೆ ತಲೆಯ ಮೇಲೆ ಆಕಾಶವಷ್ಟೇ ಗೊತ್ತು. ನಮ್ಮಲ್ಲಿ ವಾಡೆ ಎಂದರೆ ಗೌಡರೊಬ್ಬರ ಮನೆ. ಇಲ್ಲಿ ವಾಡಾ ಎಂದರೆ ಒಂದು ಅಂಗಳದ ಸುತ್ತ ಹತ್ತಾರು ಸಂಸಾರ, ಎಲ್ಲರಿಗೂ ಒಂದೇ ನಳ.

ನಾನು ಓದಿದ್ದು ನಾಲ್ಕನೆಯ ಇಯತ್ತೆ. ಲಕ್ಕವ್ವ ಗೋಕಾಕದ ಸಾಲಿ ಮುಗಿಸಿ, ಮುಂದೆ ಓದಿ, ಕಾಯಿದೆ ಕಲಿಯಲು ಬಂದಳು. ಅವಳೊಬ್ಬಳನ್ನೇ ಬಿಡಲಾರದೆ ಅವ್ವ ನನ್ನನ್ನೂ ಕಳಿಸಿದಳು. ಕಂಬಳಿ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಊರಲ್ಲಿ ದಿನವಿಡೀ ನಡೆಯುತ್ತಿದ್ದವನು ಇಲ್ಲಿ ದಿನವಿಡೀ ಕೂಡಬೇಕು. ಅಂಗಡಿ ಮುಚ್ಚಿದ ಮೇಲೆ ಕಾಲು ಸುಮ್ಮನಿರುತ್ತಿರಲಿಲ್ಲ. ನದಿಯ ತನಕ ಹೋಗಿ ಬರುತ್ತಿದ್ದೆ.

ಲಕ್ಕವ್ವ ದೇಶದೇಶಗಳು ಕೂಡಿ ಒಪ್ಪಿದ ಮನುಷ್ಯರ ಹಕ್ಕುಗಳನ್ನು ಓದುತ್ತಿದ್ದಳು. ಸರಕಾರವೇ ತಪ್ಪು ಮಾಡಿದರೆ ಕೇಳುವವರು ಬೇಕಲ್ಲ ಎನ್ನುತ್ತಿದ್ದಳು.

"ಸರಕಾರಕ್ಕ ಬೈಯಾಕ ಪಗಾರ ಕೊಡತಾರೇನ?"

"ಕೊಡತಾರ. ಬೈಯೋದನ್ನ ಕಲೀಬೇಕಷ್ಟ."

ಒಂದು ರವಿವಾರ ಅವಳ ಪ್ರೊಫೆಸರು ಬಂದರು. ಬೆಳಗಾವಿಯಲ್ಲಿ ಬೆಳೆದವರು, ಕನ್ನಡ ಬರುತ್ತಿತ್ತು. "ಲಕ್ಕವ್ವನ್ನ ಒಂದ ವರ್ಷ ಓದಾಕ ಪರದೇಶಕ್ಕ, ಜಿನೀವಾಕ್ಕ ಕಳಸಬೇಕಂತ ಮಾಡೇನ್ರಿ. ಆಮ್ಯಾಲೆ ಅಲ್ಲೇ ಕೆಲಸ ಸಿಗಬಹುದು, ಇಲ್ಲಾ ಇಲ್ಲಿ ಬಂದು ಕಲಿಸಬಹುದು. ನೀವು ಮನಿಗೆ ಹಿರ್ಯಾರು, ಏನಂತೀರಿ?"

ಹಕ್ಕಿನ ಪಾಠ ಹೇಳುವವರೂ ನನ್ನನ್ನೇ ಕೇಳಿದರು. ಅವಳು ಹೋದರೆ ಈ ಬಾಡಿಗೆ ಖೋಲಿಯಲ್ಲಿ ನಾನೊಬ್ಬನೇ ಎಂದು ಅಂಜಿದೆ.

"ಇಲ್ರಿ, ಆಕಿದು ಮಾತ ಆಗೇತ್ರಿ," ಎಂದೆ.

ನಮ್ಮ ಹಟ್ಟಿಯಲ್ಲಿ ಟಗರು ಮಾರಲು ಮನಸ್ಸಿಲ್ಲದಿದ್ದರೆ ಹೀಗೇ ಹೇಳುತ್ತೇವೆ. ಅದು ಬರೀ ನೆಪವೆಂದು ಬಂದವನಿಗೆ ಅರ್ಥವಾಗುತ್ತದೆ, ಮತ್ತೊಂದು ಸಲ ಬಂದು ಕೇಳುತ್ತಾನೆ. ಪ್ರೊಫೆಸರರಿಗೆ ಆ ಪದ್ಧತಿ ಗೊತ್ತಿರಲಿಲ್ಲ. ಮದುವೆ ನಿಶ್ಚಯವಾಗಿದೆ ಎಂದು ನಂಬಿ, ಸಂತೋಷ ಎಂದು ಹೇಳಿ ಹೋದರು.

ಲಕ್ಕವ್ವ ಹೊರಗೆ ಬಂದಳು. "ಯಾರ ಕೂಡ ಆಗೇತಿ? ಅಡ್ಡಹೆಸರಾದ್ರೂ ಹೇಳು, ಬರಿಯೋದು ಕಲ್ತಿರತೇನಿ."

ವಾರ ಕಳೆದು ಧೈರ್ಯ ಮಾಡಿ ಪ್ರೊಫೆಸರರಿಗೆ ಖರೆ ಹೇಳಿದೆ. ಅಷ್ಟರಲ್ಲಿ ಬೇರೊಬ್ಬರ ಹೆಸರು ಹೋಗಿಬಿಟ್ಟಿತ್ತು. ಆಮೇಲೆ ಲಕ್ಕವ್ವ ನನ್ನ ಜೊತೆ ಮಾತು ಬಿಡಲಿಲ್ಲ. ಆದರೆ ನನ್ನನ್ನು ಏನನ್ನೂ ಕೇಳಲಿಲ್ಲ. ಓದು ಮುಗಿಸಿ ಊರ ಕಡೆಗೆ ಹೋದಳು. ನಾನು ಯಾವ ಖೋಲಿಗೆ ಅಂಜಿದ್ದೆನೋ ಅದರಲ್ಲೇ ಉಳಿದೆ. ಇಲ್ಲಿಯವರು ನನ್ನನ್ನು ಕಾನಡಿ, ಅಂದರೆ ಕನ್ನಡದವನು, ಎನ್ನುತ್ತಾರೆ. ಘಟಪ್ರಭಾ ಸ್ಟೇಶನ್ನಿನಲ್ಲಿ ಇಳಿದರೆ ಚಹಾದವನು ನನ್ನ ಅಂಗಿ ಟೋಪಿ ನೋಡಿ ಮರಾಠಿಯಲ್ಲಿ ಮಾತಾಡಿಸುತ್ತಾನೆ.

ಹೋದ ತಿಂಗಳು ಗೋಕಾಕಕ್ಕೆ ಹೋಗಿದ್ದೆ. ಲಕ್ಕವ್ವ ಅಲ್ಲಿನ ಕೋರ್ಟಿನಲ್ಲಿ ವಕೀಲಳು. ಹುಕ್ಕೇರಿಯ ಹೆಣ್ಣುಮಗಳೊಬ್ಬಳು ತನ್ನ ಅಣ್ಣನ ಜೊತೆ ಬಂದಿದ್ದಳು. ಏನು ಕೇಳಿದರೂ ಅಣ್ಣನೇ ಉತ್ತರ ಕೊಡುತ್ತಿದ್ದ.

"ನೀ ಸುಮ್ಮಿರಪಾ," ಎಂದಳು ಲಕ್ಕವ್ವ. "ಆಕಿ ಹೇಳ್ಲಿ."

ನನ್ನ ಕಡೆ ನೋಡಲೂ ಇಲ್ಲ. ಅವರಿಬ್ಬರೂ ಹೋಗುವ ತನಕ ಹೊರಗೆ ಒಳಗೆ ತಿರುಗಾಡಿದೆ. ಆಮೇಲೆ ಅವಳ ಮುಂದೆ ನಿಂತು ಹೇಳಿದೆ: "ಲಕ್ಕವ್ವಾ, ಅವತ್ತು ನಿನ್ನ ಕೇಳಬೇಕಾಗಿತ್ತು. ಒಬ್ಬನ ಆಗತೇನಂತ ಅಂಜಿ ಸುಳ್ಳ ಹೇಳಿದೆ. ತಪ್ಪ ನಂದು. ಕ್ಷಮಾ ಮಾಡವ್ವಾ."