ತೊಂದರೆ ನಮ್ಮ ಸರ್ವರಿನದು

ರಾಯಚೂರಿನ ವೈದ್ಯಕೀಯ ಲ್ಯಾಬೊಂದರ ವೆಬ್‌ಸೈಟ್ ನೋಡಿಕೊಳ್ಳುವುದು ನನ್ನ ಕೆಲಸ. ದೇವದುರ್ಗ, ಮಾನ್ವಿ ಕಡೆಯವರೂ ತಮ್ಮ ವರದಿಯನ್ನು ಫೋನಿನಲ್ಲೇ ತೆರೆದು ನೋಡುತ್ತಾರೆ. ಮೊದಮೊದಲು ಸರ್ವರ್ ಎಡವಿದರೆ, ಸೈಟ್ ಕಟ್ಟಲು ಬಳಸಿದ ಫ್ರೇಮ್‌ವರ್ಕ್ ತಾನಾಗಿಯೇ ಒಂದು ಬಿಳಿ ಪುಟ ತೋರಿಸುತ್ತಿತ್ತು: ದಪ್ಪಗೆ 500, ಅದರ ಕೆಳಗೆ ಒಂದು ಸಾಲು ಇಂಗ್ಲಿಷು. ದೇವದುರ್ಗದ ಹತ್ತಿರದ ಜಾಲಹಳ್ಳಿಯಿಂದ ಒಬ್ಬರು ಗಾಬರಿಯಾಗಿ ಫೋನ್ ಮಾಡಿದ್ದರು.

"ಐನೂರು ಅಂತ ಬಂದದ ನೋಡ್ರಿ. ನಮ್ಮವ್ವಗ ಸಕ್ಕರಿ ಐನೂರು ಆಗ್ಯದೇನ್ರಿ?"

ಅದು ರೋಗದ ಅಂಕಿಯಲ್ಲ, ಸರ್ವರ್ ಕೆಟ್ಟಾಗ ಬರುವ ಸಂಖ್ಯೆ ಎಂದು ತಿಳಿಸಿ ಹೇಳುವಷ್ಟರಲ್ಲಿ ಸಾಕುಸಾಕಾಯಿತು. ಅಂದೇ ಕೂತು ಆ ಪುಟ ಕಿತ್ತುಹಾಕಿ ಕನ್ನಡದ್ದೊಂದು ಹಾಕಿದೆ. "ತೊಂದರೆ ನಮ್ಮ ಸರ್ವರಿನದು. ನಿಮ್ಮ ವರದಿ ಭದ್ರವಾಗಿದೆ. ಹೆದರಬೇಡಿ, ಸ್ವಲ್ಪ ಹೊತ್ತು ಬಿಟ್ಟು ನೋಡಿ." ತಪ್ಪಿನ ನಿಜವಾದ ಕಾರಣ ಮಾತ್ರ ಸರ್ವರ್ ತನ್ನ ತಪ್ಪುಗಳನ್ನು ಬರೆದಿಡುವ, ನನಗೊಬ್ಬಳಿಗೇ ಕಾಣುವ ಲಾಗ್‌ಗೆ ಹೋಗುವಂತೆ ಮಾಡಿದೆ. ಜನರ ಹೆದರಿಕೆ ತಪ್ಪಿಸಿದೆನೆಂದು ಒಳಗೊಳಗೇ ಬೀಗಿದ್ದೂ ಉಂಟು.

ನನ್ನವ್ವ ಮಾನ್ವಿಯ ಹಾಸ್ಟೆಲೊಂದರಲ್ಲಿ ಅಡುಗೆ ಮಾಡುತ್ತಾಳೆ. ಅವಳ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡು, ಅದರ ಚೂರು ತೆಗೆದು ಪರೀಕ್ಷೆಗೆ ನಮ್ಮ ಲ್ಯಾಬಿಗೇ ಕಳಿಸಿದ್ದರು. ವರದಿ ಬರುವ ದಿನ ಬೆಳಿಗ್ಗೆ ಅವಳೇ ಫೋನ್ ಮಾಡಿದಳು.

"ನಿಮ್ಮ ಸರ್ವರ್ ಕೆಟ್ಟದಂತ ನೋಡವ್ವಾ. ಹೆದರಬ್ಯಾಡ್ರಿ ಅಂತ ಬರದಾರ. ನಾ ಏನ್ ಹೆದರಿಲ್ಲ ಬಿಡು."

ನಕ್ಕು ಲಾಗ್ ತೆರೆದೆ. ಕಾರಣ ಒಂದೇ ಸಾಲಿನಲ್ಲಿತ್ತು: ವೈದ್ಯರ ಅಭಿಪ್ರಾಯ, ಅದಕ್ಕೆ ಕೊಟ್ಟ ಜಾಗಕ್ಕಿಂತ ಉದ್ದವಾಗಿದೆ. ಆ ಸಾಲನ್ನು ಮತ್ತೊಮ್ಮೆ ಓದಿದೆ. ಎಲ್ಲ ಸರಿಯಿದ್ದವರಿಗೆ ನಮ್ಮ ವೈದ್ಯರು ಬರೆಯುವುದು ಬರೀ ಒಂದು ಸಾಲು. ಆ ಜಾಗ ಸಾಲದೆ ಹೋದದ್ದನ್ನು ನಾನು ಕಂಡೇ ಇರಲಿಲ್ಲ. ಅವ್ವನ ಗಂಟಿನ ಬಗ್ಗೆ ಇಷ್ಟುದ್ದ ಬರೆಯಲು ಏನಿದೆ? ವರದಿಯನ್ನು ತೆಗೆದು ಓದಲು ನನಗೆ ಧೈರ್ಯವಾಗಲಿಲ್ಲ. ಜಾಗ ಹಿಗ್ಗಿಸಿದರೆ ಸಾಕು, ಪುಟ ಸರಿಹೋಗುತ್ತದೆ. ಆದರೆ ಸರಿಹೋದ ಕ್ಷಣವೇ ಅವ್ವ ಅದನ್ನು ಒಲೆಯ ಮುಂದೆ ಒಬ್ಬಳೇ ನಿಂತು ಓದುತ್ತಾಳೆ.

ಸರಿಪಡಿಸಲಿಲ್ಲ. ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕಿ ಮಾನ್ವಿ ಬಸ್ಸು ಹತ್ತಿದೆ. ಕಿಟಕಿಯಾಚೆ ಭತ್ತ ಹಸಿರಾಗಿ ನಿಂತಿತ್ತು, ನನಗೆ ಅದರ ಮೇಲೂ ಸಿಟ್ಟು ಬಂತು. ದಾರಿಯಲ್ಲಿ ಅವ್ವ ಮತ್ತೆ ಫೋನ್ ಮಾಡಿದಳು. "ಇನ್ನಾ ಅದೇ ಪುಟ ಬರಾಕತ್ತದ. ಎಂಥಾ ಸರ್ವರ್ ಬೇ ನಿಮ್ದು!" ಹೂಂ ಎಂದೆ. ಹೆದರಬೇಡಿ ಎಂದು ಊರಿಗೆಲ್ಲ ಬರೆದಿಟ್ಟವಳು ಚೀಲದ ಜಿಪ್ಪನ್ನೂ ತೆರೆಯಲಾರದೆ ಕೂತಿದ್ದೆ.

ಹಾಸ್ಟೆಲಿನ ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಬಾಗಿಲಲ್ಲಿ ನಿಂತ ನನ್ನ ಮುಖ ನೋಡಿದಳು, ಹೆಗಲ ಚೀಲ ನೋಡಿದಳು. ಕೈಯ ಹಿಟ್ಟನ್ನು ನಿಧಾನಕ್ಕೆ ಸೆರಗಿಗೆ ಒರೆಸಿಕೊಂಡಳು.

"ಕೆಲಸದ ದಿನ ನೀ ಇಲ್ಲೀತನ ಬಂದೀ ಅಂದ್ರ, ಕೆಟ್ಟದ್ದು ಸರ್ವರ್ ಅಲ್ಲ. ತಗಿ, ಇಬ್ರೂ ಕೂಡಿ ಓದೂನು."