ಹಾಲು ಅಡಿ ಹಿಡಿಯದಂತೆ, ಜಡೆ ಬಿಚ್ಚದಂತೆ

ನಾನು ನಿವೃತ್ತನಾದ ಮೂರನೆಯ ವಾರಕ್ಕೆ ನನ್ನ ಹೆಂಡತಿ ಬಲಗೈಯ ಮಣಿಕಟ್ಟು ಮುರಿದುಕೊಂಡಳು. ಜೂನ್ ತಿಂಗಳ ಮೊದಲ ಮಳೆ ಬಿದ್ದಿತ್ತು. ಮುಂಬಯಿಯ ಜೋಗೇಶ್ವರಿ ಮಾರ್ಕೆಟ್ಟಿನಿಂದ ಬಸಳೆ ಸೊಪ್ಪು ಹಿಡಿದುಕೊಂಡು ಬರುವಾಗ ಹೊಸ ಚಪ್ಪಲಿ ಜಾರಿ, ಕೈಯೂರಿ ಬಿದ್ದಳು. ಡಾಕ್ಟರು ಬೆರಳಿನ ಬುಡದಿಂದ ಮೊಣಕೈವರೆಗೆ ಪ್ಲಾಸ್ಟರ್ ಹಾಕಿದರು. ಆರು ವಾರ ಆ ಕೈಯಲ್ಲಿ ಒಂದು ಚಮಚವನ್ನೂ ಎತ್ತಬಾರದು ಎಂದರು.

"ಆರು ವಾರ ಮನೆ ನಾನು ನೋಡಿಕೊಳ್ತೇನೆ," ಎಂದೆ, ರಿಕ್ಷಾದಲ್ಲಿ ಮನೆಗೆ ಬರುವಾಗ.

ನೋವಿನಲ್ಲಿದ್ದರೂ ಅವಳು ನಕ್ಕುಬಿಟ್ಟಳು. "ನಮ್ಮ ಮನೆಯ ಸಕ್ಕರೆ ಡಬ್ಬಿ ಎಲ್ಲಿ ಉಂಟು, ಹೇಳಿ ನೋಡುವ."

ನನಗೆ ಗೊತ್ತಿರಲಿಲ್ಲ. ಉಡುಪಿ ಕಡೆಯಿಂದ ಮುಂಬಯಿಗೆ ಬಂದ ಹೊಸದರಲ್ಲಿ ಒಂದು ಹೋಟೆಲಿನ ಮಾಳಿಗೆಯ ಮೇಲೆ ಇದ್ದೆ. ಊಟ ಕೆಳಗೇ ಆಗುತ್ತಿತ್ತು. ಮದುವೆಯಾದ ಮೇಲೆ ಊಟ ಮನೆಯಲ್ಲಿ ಆಗತೊಡಗಿತು. ಫೋರ್ಟ್ ಪ್ರದೇಶದ ಒಂದು ಹಡಗು ಕಂಪನಿಯ ಆಫೀಸಿನಲ್ಲಿ ಮೂವತ್ತನಾಲ್ಕು ವರ್ಷ ಪತ್ರ ಬರೆಯುವ ಕೆಲಸ ಮಾಡಿದೆ. ಬೆಳಿಗ್ಗೆ ಲೋಕಲ್ ಹಿಡಿದು ಹೋದರೆ ಸಂಜೆ ಬರುವಾಗ ಮನೆ ಗುಡಿಸಿ, ಒರೆಸಿ, ದೀಪ ಹಚ್ಚಿಯಾಗಿರುತ್ತಿತ್ತು. ಅದು ತನ್ನಿಂದ ತಾನೇ ಆಗುತ್ತದೆ ಎಂದು ನಾನೇನೂ ತಿಳಿದಿರಲಿಲ್ಲ. ಆದರೆ ಹೇಗೆ ಆಗುತ್ತದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಥಾಣೆಯಲ್ಲಿರುವ ಮಗಳು ಆ ಸಂಜೆಯೇ ಫೋನ್ ಮಾಡಿದಳು. "ಪಪ್ಪಾ, ಮನೆಕೆಲಸಕ್ಕೆ ಒಬ್ಬಳು ಬಾಯಿಯನ್ನು ಇಟ್ಕೊಳ್ಳಿ ನಾ. ನಾನು ಇಲ್ಲಿಂದಲೇ ಬುಕ್ ಮಾಡ್ತೇನೆ. ಆಪ್‌ಸೇ ನಹೀ ಹೋಗಾ."

ನಿಮ್ಮಿಂದ ಆಗುವುದಿಲ್ಲ ಎಂದು ಅವಳು ಹಿಂದಿಯಲ್ಲಿ ಹೇಳಿದ್ದರಿಂದಲೋ ಏನೋ, ನನಗೆ ಹಟ ಬಂತು. ಯಾರೂ ಬೇಡ ಎಂದೆ.

ಮರುದಿನ ಬೆಳಿಗ್ಗೆ ಹಾಲಿಟ್ಟು ಪೇಪರ್ ಓದುತ್ತ ನಿಂತೆ. ವಾಸನೆ ನನಗಿಂತ ಮೊದಲು ಎದುರು ಮನೆಗೆ ತಲುಪಿತು. ಅಲ್ಲಿರುವುದು ವಿಜಯಪುರ ಕಡೆಯ ಒಂದು ಕುಟುಂಬ. ಗಂಡ ಕಟ್ಟಡಗಳಲ್ಲಿ ಟೈಲ್ಸ್ ಕೂರಿಸುವ ಮೇಸ್ತ್ರಿ, ಹೆಂಡತಿ ಅಂಧೇರಿಯ ಎರಡು ಮನೆಗಳಲ್ಲಿ ಅಡುಗೆ ಮಾಡುವವಳು. ನಮ್ಮನ್ನು ಕಾಕಾ, ಕಾಕು ಎಂದು ಕರೆಯುತ್ತಾಳೆ. ಕೆಲಸಕ್ಕೆ ಹೊರಟವಳು ಬಾಗಿಲಲ್ಲೇ ನಿಂತಳು.

"ಕಾಕಾ, ಏನ್ ಸುಡಾಕತ್ತೀರಿ?"

"ಹಾಲು."

"ಹಾಲು ಹೋತು ಬಿಡ್ರಿ. ಪಾತ್ರಿ ಉಳದೈತೇನು ತೋರಸ್ರಿ."

ಪಾತ್ರೆಯ ತಳ ಕಪ್ಪಾಗಿತ್ತು. ನಾನು ಆಗಲೇ ತಂತಿಯ ಜುಂಗು ಹಿಡಿದು ಉಜ್ಜಲು ಶುರು ಮಾಡಿದ್ದೆ. ಅವಳು ಕೈಯಿಂದ ಅದನ್ನು ಕಸಿದುಕೊಂಡಳು.

"ಹಂಗ್ ತಿಕ್ಕಿದ್ರ ಗೆರಿ ಬೀಳ್ತಾವ. ಮುಂದ ಅಲ್ಲೇ ಹತ್ತತೈತಿ. ನೀರ್ ಹಾಕ್ರಿ, ಒಂದ್ ಚಮಚಾ ಅಡಗಿ ಸೋಡಾ ಹಾಕ್ರಿ, ಕುದಸ್ರಿ. ಆಮ್ಯಾಲ ಆರಾಕ ಬಿಡ್ರಿ. ಕಟಗಿ ಸೌಟಿಂದ ಎಬ್ಬಿಸಿದ್ರ ತಾನ ಏಳತೈತಿ."

ಹಾಗೆಯೇ ಮಾಡಿದೆ. ತಣಿದ ಮೇಲೆ ಸೌಟನ್ನು ಮೆಲ್ಲನೆ ತಳ್ಳಿದರೆ ಆ ಕರಿಯ ಪದರ ಹಪ್ಪಳದ ಹಾಗೆ ಎದ್ದು ಬಂತು. ಕೆಳಗೆ ಸ್ಟೀಲು ಹೊಳೆಯುತ್ತಿತ್ತು. ಅದನ್ನು ಹಿಡಿದುಕೊಂಡು ಹೊರಕೋಣೆಗೆ ಓಡಿ ಹೋಗಿ ಹೆಂಡತಿಗೆ ತೋರಿಸಿದೆ. ನನ್ನ ಪತ್ರ ಓದಿ ಯಾವ ಹಡಗೂ ಒಂದು ದಿನ ಬೇಗ ಬಂದದ್ದು ನನಗೆ ನೆನಪಿಲ್ಲ. ಇಲ್ಲಿ ಅರ್ಧ ಗಂಟೆಯಲ್ಲಿ ಕೆಲಸವಾಗಿತ್ತು.

"ನಾಳೆ ಹಾಲು ಹಾಕುವ ಮೊದಲು ಪಾತ್ರೆಗೆ ಸ್ವಲ್ಪ ನೀರು ಹಾಕಿ, ಆಡಿಸಿ ಚೆಲ್ಲಿ. ಒರೆಸಬೇಡಿ. ಆಗ ಅಡಿ ಹಿಡಿಯುದಿಲ್ಲ," ಎಂದಳು ಅವಳು.

"ಅಷ್ಟೇಯಾ? ಇದನ್ನು ಇಷ್ಟು ವರ್ಷ ನನಗೆ ಯಾಕೆ ಹೇಳಲಿಲ್ಲ?"

"ನೀವು ಯಾವಾಗ ಕೇಳಿದ್ದು?"

ಅಂದಿನಿಂದ ಕೇಳತೊಡಗಿದೆ. ಅವಳು ಹೊರಕೋಣೆಯ ಮಂಚದ ಮೇಲೆ ದಿಂಬಿಗೆ ಕೈಯಿಟ್ಟು ಕೂತು ಹೇಳುವುದು, ನಾನು ಅಡುಗೆಮನೆಯಿಂದ ಗಟ್ಟಿಯಾಗಿ ಉತ್ತರಿಸುವುದು. ಬೇಳೆ ಉಕ್ಕಿ ಕುಕ್ಕರಿನ ಸೀಟಿಯಿಂದ ಹಳದಿ ನೀರು ಗೋಡೆಗೆಲ್ಲ ಹಾರಿದ ದಿನ, ಬೇಯಿಸುವಾಗ ನಾಲ್ಕು ಹನಿ ಎಣ್ಣೆ ಬಿಡಬೇಕೆಂದು ಗೊತ್ತಾಯಿತು. ಒಡೆದ ತೆಂಗಿನಕಾಯಿಯ ಕಡಿಯನ್ನು ಚಿಪ್ಪಿನ ಕಡೆಯಿಂದ ಎರಡು ನಿಮಿಷ ಉರಿಗೆ ಹಿಡಿದರೆ ತಿರುಳು ಇಡಿಯಾಗಿ ಬಿಟ್ಟುಕೊಳ್ಳುತ್ತದೆ ಎಂದು ಗೊತ್ತಾಯಿತು. ಹಸಿಮೆಣಸು ಹೆಚ್ಚಿ, ಅದೇ ಕೈಯಲ್ಲಿ ಕನ್ನಡಕದ ಕೆಳಗೆ ಕಣ್ಣೊರೆಸಿಕೊಂಡು ಕುಣಿದಾಡಿದ ದಿನ ಮಾತ್ರ ಅವಳಿಗೆ ಹೇಳಲು ಪುರುಸೊತ್ತಾಗಲಿಲ್ಲ, ಅಷ್ಟು ನಗುತ್ತಿದ್ದಳು. ಕಣ್ಣಿಗೆ ನೀರು ಹೊಡೆದುಕೊಂಡು ಬಂದ ಮೇಲೆ, "ಮೆಣಸು ಮುಟ್ಟುವ ಮೊದಲು ಬೆರಳಿಗೆ ತೆಂಗಿನೆಣ್ಣೆ ಹಚ್ಚಿಕೊಳ್ಳಬೇಕು ಮಾರಾಯ್ರೆ," ಎಂದಳು.

ಒಮ್ಮೆ ಎರಡು ಸ್ಟೀಲು ಲೋಟ ಒಂದರೊಳಗೊಂದು ಸಿಕ್ಕಿಕೊಂಡವು. ಎಳೆದೆ, ತಿರುಚಿದೆ, ನೆಲಕ್ಕೆ ಕುಟ್ಟಿದೆ. "ಬಿಲ್ಡಿಂಗ್ ಬೀಳ್ತದೆ," ಎಂದು ಅವಳು ಕೂಗಿದಳು. "ಒಳಗಿನ ಲೋಟಕ್ಕೆ ತಣ್ಣೀರು ಹಾಕಿ. ಹೊರಗಿನದನ್ನು ಬಿಸಿನೀರಲ್ಲಿ ನಿಲ್ಲಿಸಿ." ಒಂದು ನಿಮಿಷವಾಗಲಿಲ್ಲ, ಎರಡೂ ಬೇರೆಯಾದವು. ಆ ಮಧ್ಯಾಹ್ನ ಲೋಟಗಳನ್ನು ಬೇಕೆಂದೇ ಒತ್ತಿ ಕೂರಿಸಿ, ಮತ್ತೆ ಬಿಡಿಸಿ, ಮೂರು ಸಲ ಆಟವಾಡಿದೆ.

ಎಲ್ಲವೂ ಇಷ್ಟು ಸುಲಭವಾಗಿರಲಿಲ್ಲ. ಹೆಂಡತಿಗೆ ಸೊಂಟದವರೆಗೆ ಕೂದಲು. ಬೆಳ್ಳಗಾಗಿದೆ, ಆದರೆ ದಟ್ಟ. ಮೊದಲ ಎರಡು ವಾರ ಎದುರು ಮನೆಯವಳು ದಿನವೂ ಬೆಳಿಗ್ಗೆ ಬಂದು ಬಾಚಿ ಜಡೆ ಹಾಕಿ ಹೋಗುತ್ತಿದ್ದಳು. ಆಮೇಲೆ ಅವಳು ತಂಗಿಯ ಮದುವೆಗೆಂದು ಹದಿನೈದು ದಿನ ಊರಿಗೆ ಹೋಗುವವಳಿದ್ದಳು. ಭಾನುವಾರ ಬಂದ ಮಗಳು, "ಮಮ್ಮಿ, ಕಟ್ ಮಾಡಿಸಿ ನಾ, ಶಾರ್ಟ್ ಹೇರ್ ಚೆಂದ ಕಾಣ್ತದೆ," ಎಂದಳು. ಹೆಂಡತಿ ಹೂಂ ಎಂದಳು. ಹೂಂ ಎಂದವಳು ಜಡೆಯನ್ನು ಮುಂದಕ್ಕೆ ತಂದು ಎಡಗೈಯಲ್ಲಿ ಹಿಡಿದುಕೊಂಡು ಕೂತಳು. ನನಗೆ ನೋಡಲಾಗಲಿಲ್ಲ.

ಅಂದು ಸಂಜೆ ಎದುರು ಮನೆಗೆ ಹೋಗಿ, "ನನಗೆ ಜಡೆ ಹಾಕಲಿಕ್ಕೆ ಕಲಿಸ್ತೀಯಾ ಅಮ್ಮಾ?" ಎಂದು ಕೇಳಿದೆ.

ಅವಳು ಬ್ಯಾಗು ತುಂಬುತ್ತಿದ್ದಳು. ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ. ಬಟ್ಟೆ ಒಣಹಾಕುವ ಹಗ್ಗ ಕತ್ತರಿಸಿ ಮೂರು ಎಳೆ ಮಾಡಿ ಕಿಟಕಿಯ ಗ್ರಿಲ್ಲಿಗೆ ಕಟ್ಟಿದಳು. "ಬಲಗಡಿದು ನಡುವ ತರ್ರಿ. ಈಗ ಎಡಗಡಿದು ನಡುವ ತರ್ರಿ. ಅಷ್ಟ ಕಾಕಾ. ಜಗ್ಗಬ್ಯಾಡ್ರಿ, ಸಡಲೂ ಬಿಡಬ್ಯಾಡ್ರಿ." ನಾನು ಹೆಣೆದೆ, ಅವಳು ಬಿಚ್ಚಿದಳು. ಹೆಣೆದೆ, ಬಿಚ್ಚಿದಳು. ಏಳನೆಯ ಸಲ ಬಿಚ್ಚಲಿಲ್ಲ. ಗಂಡನನ್ನು ಕರೆದು, "ನೋಡ್ರಿಲ್ಲೆ," ಎಂದು ತೋರಿಸಿದಳು.

ಮರುದಿನ ಬೆಳಿಗ್ಗೆ ಹೆಂಡತಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಬಾಚಣಿಗೆ ಹಿಡಿದು ಹಿಂದೆ ನಿಂತೆ. ಅವಳು ಹೆದರಿದ್ದಳು. ನಾನು ಅದಕ್ಕಿಂತ ಹೆಚ್ಚು ಹೆದರಿದ್ದೆ. ನೆತ್ತಿಯಿಂದ ಒಮ್ಮೆ ಎಳೆದೆನೋ ಇಲ್ಲವೋ, ಅಯ್ಯೋ ಎಂದಳು.

"ಮೇಲಿಂದ ಬಾಚುದಲ್ಲ. ತುದಿಯಿಂದ ಶುರು ಮಾಡಿ, ಮೆಲ್ಲ ಮೆಲ್ಲ ಮೇಲೆ ಬನ್ನಿ. ಸಿಕ್ಕು ಇದ್ದಲ್ಲಿಗೆ ಎರಡು ಹನಿ ಎಣ್ಣೆ ಹಚ್ಚಿ, ಬೆರಳಿಂದ ಬಿಡಿಸಿ."

ಬಿಡಿಸುತ್ತ ನಿಂತೆ. ಹೊರಗೆ ಮಳೆ ಜೋರಾಗಿತ್ತು. ಮುಖ ಕಾಣದಿದ್ದರೆ ಮಾತು ಸುಲಭವಾಗುತ್ತದೆಯೋ ಏನೋ, ಅವಳು ತಾನಾಗಿ ಹೇಳತೊಡಗಿದಳು.

"ನಾವು ಚಾಳಿನಲ್ಲಿದ್ದಾಗ ಮೊದಲ ತಿಂಗಳು ನಾನೂ ಹಾಲು ಸುಟ್ಟಿದ್ದೇನೆ. ನಿಮಗೆ ಗೊತ್ತುಂಟಾ?"

"ಇಲ್ಲ."

"ಹೇಗೆ ಗೊತ್ತಾಗುದು? ನೀವು ಬರುವುದರೊಳಗೆ ತಿಕ್ಕಿ ಇಡ್ತಿದ್ದೆ. ನನಗೆ ಏನೂ ಬರುದಿಲ್ಲ ಅಂತ ನೀವು ಎಣಿಸಬಾರದು ಅಂತ. ಪಕ್ಕದ ಮನೆಯ ಮರಾಠಿ ಆಜಿ ಎಲ್ಲ ಕಲಿಸಿದ್ದು. ನನಗೆ ಮರಾಠಿ ಬರುದಿಲ್ಲ, ಅವರಿಗೆ ಕನ್ನಡ ಬರುದಿಲ್ಲ. ಬಾ ಅಂತ ಕೈ ಹಿಡಿದು ಕರಕೊಂಡು ಹೋಗಿ ಮಾಡಿ ತೋರಿಸ್ತಿದ್ರು. ಲೋಟ ಬಿಡಿಸುದು, ಕಾಯಿ ಬಿಡಿಸುದು, ಎಲ್ಲ ಅವರದ್ದೇ."

ಆ ಆಜಿಯನ್ನು ನಾನು ಮೆಟ್ಟಿಲಲ್ಲಿ ದಿನವೂ ನೋಡುತ್ತಿದ್ದೆ. ಒಂದು ನಮಸ್ಕಾರ ಮಾಡಿ ಸ್ಟೇಷನ್ನಿಗೆ ಓಡುತ್ತಿದ್ದೆ. ನನ್ನ ಮನೆಗೆ ಅರ್ಧ ಬುದ್ಧಿ ಆ ಮನೆಯಿಂದ ಬಂದದ್ದೆಂದು ತಿಳಿಯಲು ನನಗೆ ಇಷ್ಟು ವರ್ಷ ಬೇಕಾಯಿತು. ಹೆಂಡತಿಯ ತಲೆಯ ಮೇಲೆ ಕೈಯಿಟ್ಟೆ. "ಏನಾಯ್ತು, ಮರೆತುಹೋಯ್ತಾ? ಬಲಗಡೆಯದ್ದು ನಡುವೆ," ಎಂದಳು.

ಅಂದಿನ ಜಡೆ ಒಂದು ಕಡೆ ವಾಲಿತ್ತು. ಹದಿನೈದು ದಿನದಲ್ಲಿ ನೆಟ್ಟಗಾಯಿತು.

ನಾಲ್ಕನೆಯ ವಾರ ನಮ್ಮ ಕನ್ನಡ ಸಂಘದವರು ಫೋನ್ ಮಾಡಿದರು. ಅಂಧೇರಿಯ ಒಂದು ಶಾಲೆಯ ಸಭಾಂಗಣದಲ್ಲಿ ತಿಂಗಳಿಗೊಮ್ಮೆ ಸೇರುತ್ತೇವೆ. ಈ ಸಲ ನಾನು ಕಚೇರಿ ಜೀವನದ ಅನುಭವಗಳ ಬಗ್ಗೆ ಮಾತಾಡಬೇಕಂತೆ. ನಾಲ್ಕು ಪುಟ ಬರೆದುಕೊಂಡೆ. ಹೆಂಡತಿಗೆ ಒಳ್ಳೆಯ ಸೀರೆ ಉಡಲು ಮಗಳು ಬಂದು ಸಹಾಯ ಮಾಡಿದಳು. ಜಡೆ ನನ್ನದು.

ಎರಡು ಪುಟ ಓದುವುದರೊಳಗೆ ಎದುರಿಗಿದ್ದವರು ಫೋನ್ ನೋಡತೊಡಗಿದರು. ಹಿಂದಿನ ಸಾಲಿನ ಒಬ್ಬರು ಕಣ್ಣು ಮುಚ್ಚಿದರು. ಆಗ ವೇದಿಕೆಯ ಪಕ್ಕದಲ್ಲಿ ಟಕ್ ಟಕ್ ಸದ್ದು ಕೇಳಿಸಿತು. ಕಾರ್ಯದರ್ಶಿಯವರು ನನಗೆ ನೀರು ಕೊಡಲೆಂದು ತಂದ ಲೋಟ ಇನ್ನೊಂದರೊಳಗೆ ಸಿಕ್ಕಿಕೊಂಡಿತ್ತು. ಅವರು ಅದನ್ನು ಮೇಜಿನ ಅಂಚಿಗೆ ಕುಟ್ಟುತ್ತಿದ್ದರು.

"ಕುಟ್ಟಬೇಡಿ, ಕುಟ್ಟಬೇಡಿ!" ಎಂದೆ. ಮೈಕಿನಲ್ಲಿ ಅದು ದೊಡ್ಡದಾಗಿ ಕೇಳಿತು. ಮಲಗಿದ್ದವರು ಎದ್ದರು.

ಚಹಾ ಮಾಡುತ್ತಿದ್ದ ಕಡೆಯಿಂದ ಒಂದು ಬೋಗುಣಿಯಲ್ಲಿ ಬಿಸಿನೀರು ತರಿಸಿದೆ. ಒಳಗಿನ ಲೋಟಕ್ಕೆ ತಣ್ಣೀರು ಸುರಿದು, ಹೊರಗಿನದನ್ನು ಬಿಸಿನೀರಲ್ಲಿ ನಿಲ್ಲಿಸಿದೆ. ಎಲ್ಲರೂ ಕುತ್ತಿಗೆ ಉದ್ದ ಮಾಡಿ ನೋಡುತ್ತಿದ್ದರು. ಎರಡು ಬೆರಳಿನಲ್ಲಿ ಎತ್ತಿದರೆ ಒಳಗಿನ ಲೋಟ ಸಲೀಸಾಗಿ ಮೇಲೆ ಬಂತು. ಚಪ್ಪಾಳೆ ಬಿತ್ತು. ನಾಲ್ಕು ಪುಟವನ್ನು ಮಡಚಿ ಕಿಸೆಗೆ ಹಾಕಿಕೊಂಡು, ಹೆಂಡತಿಯ ಕೈ ಮುರಿದ ದಿನದಿಂದ ಶುರು ಮಾಡಿದೆ.

ಆಮೇಲೆ ಅದು ಭಾಷಣವಾಗಿ ಉಳಿಯಲಿಲ್ಲ. ಎಲ್ಲರೂ ಮಾತಾಡಿದರು. ಮಳೆಗಾಲದಲ್ಲಿ ಒಗೆದ ಪ್ಯಾಂಟು ವಾಸನೆ ಬರದಂತೆ ಒಣ ಟವೆಲಿನಲ್ಲಿ ಸುತ್ತಿ ಹಿಂಡಿ, ಒಳಮಗ್ಗುಲು ಹೊರಗೆ ಮಾಡಿ ಫ್ಯಾನಿನ ಕೆಳಗೆ ಹಾಕಬೇಕೆಂದು ಒಬ್ಬ ಹೆಂಗಸು ಹೇಳಿದರು. ಮಳೆಗೆ ಉಬ್ಬಿ ಸಿಕ್ಕಿಕೊಳ್ಳುವ ಬಾಗಿಲಿನ ಅಂಚಿಗೆ ಮೇಣದ ಬತ್ತಿ ಉಜ್ಜಬೇಕೆಂದು ಇನ್ನೊಬ್ಬರು. ಮಂಗಳೂರು ಕಡೆಯ ಒಬ್ಬರು, ಜೀವಮಾನವಿಡೀ ಹೋಟೆಲು ನಡೆಸಿದವರು, ಎದ್ದು ನಿಂತರು. "ನನ್ನ ಕೈಕೆಳಗೆ ಹತ್ತು ಜನ ಅಡುಗೆ ಭಟ್ಟರಿದ್ರು. ಆದ್ರೆ ಸತ್ಯ ಹೇಳ್ತೇನೆ, ನಮ್ಮ ಮನೆಯ ಗ್ಯಾಸ್ ಹಚ್ಚಲಿಕ್ಕೆ ನಂಗೆ ಗೊತ್ತಿಲ್ಲ ಮಾರಾಯ್ರೆ!" ಎಂದರು. ಸಭಾಂಗಣ ನಗೆಯಿಂದ ತುಂಬಿತು.

"ನಿಮಗೆ ಎಲ್ಲದಕ್ಕಿಂತ ಕಷ್ಟ ಆದದ್ದು ಯಾವುದು ಸರ್?" ಎಂದು ಯಾರೋ ಕೇಳಿದರು.

"ಜಡೆ," ಎಂದೆ.

ಮೂರನೆಯ ಸಾಲಿನಲ್ಲಿದ್ದ ನನ್ನ ಹೆಂಡತಿ ತಲೆ ತಗ್ಗಿಸಿದಳು. ಪಕ್ಕದವರೆಲ್ಲ, "ತೋರಿಸಿ, ತೋರಿಸಿ," ಎಂದರು. ಅವಳಿಗೆ ನಾಚಿಕೆ. ಕೊನೆಗೆ ಪ್ಲಾಸ್ಟರಿನ ಕೈಯನ್ನು ಎದೆಗೊತ್ತಿಕೊಂಡು ಎದ್ದು ನಿಂತು, ಸಭೆಗೆ ಬೆನ್ನು ಮಾಡಿದಳು. ನೆಟ್ಟಗಿನ ಬಿಳಿ ಜಡೆ, ತುದಿಯಲ್ಲಿ ನಾನೇ ಆರಿಸಿದ ಕೆಂಪು ರಬ್ಬರ್ ಬ್ಯಾಂಡು. ಆ ಚಪ್ಪಾಳೆ ನಿಲ್ಲಲು ಹೊತ್ತು ಹಿಡಿಯಿತು. ಮಗಳು ಫೋನಿನಲ್ಲಿ ವಿಡಿಯೊ ಮಾಡುತ್ತ ಕಣ್ಣೊರೆಸಿಕೊಳ್ಳುತ್ತಿದ್ದಳು.

ಆರನೆಯ ವಾರ ಪ್ಲಾಸ್ಟರ್ ತೆಗೆದರು. ಮೂಳೆ ಚೆನ್ನಾಗಿ ಕೂಡಿತ್ತು.

ಅದಾದ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬೆಲ್ ಆಯಿತು. ಬಾಗಿಲು ತೆಗೆದರೆ ಹೋಟೆಲಿನವರು, ಅವರ ಹಿಂದೆ ಸಂಘದ ಇನ್ನೂ ಮೂವರು, ಎಲ್ಲ ನನ್ನ ವಯಸ್ಸಿನವರು. "ಕಲಿಸ್ತೀರಾ?" ಎಂದರು. ನಮ್ಮ ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಹೊರಗಿರಬೇಕು. ಆದರೂ ನಾಲ್ವರೂ ಹೇಗೋ ಒಳಗೆ ನುಗ್ಗಿದರು. ಹೆಂಡತಿ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ಒಬ್ಬರು ಕಾಯಿ ತುರಿದರು, ಒಬ್ಬರು ಬೆರಳಿಗೆ ಎಣ್ಣೆ ಹಚ್ಚಿ ಮೆಣಸು ಹೆಚ್ಚಿದರು, ಒಬ್ಬರು ಮಿಕ್ಸಿಯ ಮುಚ್ಚಳ ಹಾಕಲು ಮರೆತು ಚಟ್ನಿಯನ್ನು ಕ್ಯಾಲೆಂಡರಿಗೆ ಎರಚಿದರು. ಹೋಟೆಲಿನವರು ಲೈಟರ್ ಹಿಡಿದು ಮೂರು ಸಲ ಹಿಂದೆ ಹಾರಿ, ನಾಲ್ಕನೆಯ ಸಲ ಗ್ಯಾಸ್ ಹಚ್ಚಿದರು. ಹಚ್ಚಿದವರು ಕೂಡಲೇ ಮನೆಗೆ ವಿಡಿಯೊ ಕಾಲ್ ಮಾಡಿ ಉರಿಯನ್ನು ತಮ್ಮ ಹೆಂಡತಿಗೆ ತೋರಿಸಿದರು.

"ಯಾರ ಮನೆ ಅದು?" ಎಂದು ಆ ಕಡೆಯಿಂದ ಗಾಬರಿಯ ದನಿ ಬಂತು. ವಿಷಯ ತಿಳಿದ ಮೇಲೆ ಆಕೆ ನನ್ನ ಹೆಂಡತಿಯನ್ನು ಫೋನಿಗೆ ಕರೆದು, "ಅಕ್ಕಾ, ಸಂಜೆಯವರೆಗೆ ಅಲ್ಲೇ ಇಟ್ಕೊಳ್ಳಿ. ಪಾತ್ರೆ ತೊಳೆಯುದನ್ನೂ ಕಲಿಸಿಯೇ ಕಳಿಸಿ," ಎಂದರು.

ಹಿಂದಿನ ರಾತ್ರಿ ನಾನು ರುಬ್ಬಿಟ್ಟಿದ್ದ ಹಿಟ್ಟಿನ ದೋಸೆ ಒಂದೊಂದು ಒಂದೊಂದು ಆಕಾರದಲ್ಲಿ ಬಂತು. ಹೊರಕೋಣೆಯ ನೆಲದ ಮೇಲೆ ಸಾಲಾಗಿ ಕೂತು, ಉಳಿದಿದ್ದ ಚಟ್ನಿಯನ್ನು ಹಂಚಿಕೊಂಡು, ಹಿಟ್ಟು ಮುಗಿಯುವವರೆಗೆ ತಿಂದೆವು.