ಕೋಚ್ ಕಾಕನ ಎರಡು ನಿಮಿಷ

ಕುವೈತಿನ ಹವಲ್ಲಿಯಲ್ಲಿ ಮೊಬೈಲ್ ಅಂಗಡಿಯವನು ನನ್ನ ಹಳೆಯ ಫೋನಿನ ಬೆನ್ನು ಬಿಚ್ಚಿದಾಗ ಒಳಗಿನ ಬ್ಯಾಟರಿ ಇಡ್ಲಿಯ ಹಾಗೆ ಉಬ್ಬಿಕೊಂಡಿತ್ತು. ಅಂಟು ಕರಗಿಸಲು ಅವನು ಬಿಸಿಗಾಳಿ ಹಿಡಿದಿದ್ದ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಕೌಂಟರ್ ತುಂಬ ಹರಡಿತ್ತು. "ಇದನ್ನು ಬಿಸಾಡಿ ಸಿಸ್ಟರ್, ಏನಿದೆ ಇದರಲ್ಲಿ? ಫೋಟೋನಾ?" ಎಂದು ಹಿಂದಿಯಲ್ಲಿ ಕೇಳಿದ. ದನಿ ಇದೆ, ಒಬ್ಬರದು, ಎಂದೆ. ಅವನು ತಲೆ ಎತ್ತಿ ನನ್ನನ್ನೊಮ್ಮೆ ನೋಡಿ, ಬಿಸಿಗಾಳಿಯನ್ನು ಸ್ವಲ್ಪ ದೂರ ಹಿಡಿದ.

ಅದಕ್ಕೆ ನಾಲ್ಕು ದಿನ ಮೊದಲು ಮಂಗಫ್‌ನ ನಮ್ಮ ಕಟ್ಟಡದ ಹಳೆಯ ವಾಟ್ಸಾಪ್ ಗ್ರೂಪಿನಲ್ಲಿ ಕೋಚ್ ಕಾಕನ ಮಗಳು ಇಂಗ್ಲಿಷಿನಲ್ಲಿ ಒಂದು ಸಾಲು ಹಾಕಿದ್ದಳು. ಅಪ್ಪನ ದನಿ ಯಾರ ಹತ್ತಿರವಾದರೂ ಇದೆಯಾ, ನಮ್ಮಲ್ಲಿ ಇರುವುದೆಲ್ಲ ಬರೀ ಫೋಟೋ... ಕಾಕ ಊರಿನಲ್ಲಿ ಎದೆನೋವು ಬಂದು ತೀರಿಕೊಂಡು ಆಗ ನಲವತ್ತು ದಿನವೂ ಆಗಿರಲಿಲ್ಲ. ಗ್ರೂಪಿನವರು ತಮ್ಮಲ್ಲಿದ್ದ ಫೋಟೋಗಳನ್ನೇ ಮತ್ತೆ ಸುರಿದರು. ಮ್ಯಾಚಿನ ವಿಡಿಯೋಗಳೂ ಬಂದವು. ಅವುಗಳಲ್ಲಿ ಕಾಕ ಗೆರೆಯುದ್ದಕ್ಕೂ ಓಡುವ ಒಂದು ಚುಕ್ಕೆ, ಅಷ್ಟೇ. ದನಿ ಇದ್ದದ್ದು ನನ್ನ ಹತ್ತಿರ ಮಾತ್ರ. ನಲವತ್ತೊಂದು ನಿಮಿಷ. ಆದರೆ ಆ ನಲವತ್ತೊಂದು ನಿಮಿಷ ಮಗಳು ಕೇಳುವಂಥದ್ದಲ್ಲ. ಅದರಲ್ಲಿ ನಾನು ಅವಳ ಅಪ್ಪನನ್ನು ಸೋಲಿಸುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ: ತೀರಿಕೊಂಡವರ ಮೇಲೆ ಬರೆದ ಲೇಖನಗಳನ್ನು ನಾನು ಸುಲಭಕ್ಕೆ ನಂಬುವವಳಲ್ಲ. ಎದುರುಗಡೆಯವರು ಎದ್ದು ನಿಂತು ವಾದಿಸುವುದಿಲ್ಲ ಎನ್ನುವ ಧೈರ್ಯದಲ್ಲಿ ಬರೆದವು ಅವು. ಹಾಗಾಗಿ ಕೋಚ್ ಕಾಕ ಮಹಾ ಕೋಚ್ ಆಗಿದ್ದರು ಎಂದು ನಾನು ಬರೆಯುವುದಿಲ್ಲ. ಕಾರ್ನರ್ ಕಿಕ್ ಬಂದಾಗ ಯಾರು ಯಾರನ್ನು ಕಾಯಬೇಕು ಎನ್ನುವುದನ್ನು ಅವರ ಟೀಮು ಆರು ವರ್ಷವೂ ಕಲಿಯಲಿಲ್ಲ. ಪ್ರಾಕ್ಟೀಸಿಗೆ ಅವರೇ ತಡವಾಗಿ ಬರುತ್ತಿದ್ದರು. ಬಂದವರು ಮೊದಲ ಹತ್ತು ನಿಮಿಷ ಹುಡುಗರ ಕಾಲು ನೋಡುತ್ತಾ, ಶೂ ಬಿಚ್ಚಿಸಿ ಹಿಮ್ಮಡಿ ಒತ್ತುತ್ತಾ ಕಳೆಯುತ್ತಿದ್ದರು. ದನದ ವ್ಯಾಪಾರಿ ಬಂದ್ರು ಅಂತ ಹುಡುಗರು ನಗುತ್ತಿದ್ದರು.

ಅವರು ಮೂರನೇ ಮಹಡಿ, ನಾವು ಐದನೇ ಮಹಡಿ. ಅವರ ಮನೆಮಾತು ಬ್ಯಾರಿ, ನಮ್ಮದು ತುಳು. ನಡುವೆ ಲಿಫ್ಟಿನಲ್ಲಿ ಮಂಗಳೂರು ಕನ್ನಡ. ಅಪ್ಪ ಕಂಪನಿ ಬಸ್ಸಿನಲ್ಲಿ ರಿಫೈನರಿಯ ಆಫೀಸಿಗೆ ಹೋಗುತ್ತಿದ್ದರು. ಕಾಕ ನಾನು ಓದುತ್ತಿದ್ದ ಖಾಸಗಿ ಕಾಲೇಜಿನಲ್ಲೇ ಫುಟ್‌ಬಾಲ್ ಕೋಚ್. ಅದೇ ಕಾಲೇಜಿನ ಡಿಬೇಟ್ ತಂಡದಲ್ಲಿ ನಾನು. ವರ್ಷಕ್ಕೆರಡು ಟ್ರೋಫಿ ಹಿಡಿದುಕೊಂಡು ಲಿಫ್ಟ್ ಹತ್ತುತ್ತಿದ್ದೆ. "ಒಂದನ್ನು ಮೂರನೇ ಮಾಳಿಗೆಯಲ್ಲಿ ಇಳಿಸಿ ಹೋಗು ಮಾರಾಯ್ತಿ, ನನ್ನ ಹೆಂಡತಿಗೂ ತೋರಿಸ್ಬೇಕು" ಎನ್ನುತ್ತಿದ್ದರು ಕಾಕ. ಅವರು ಎಂದೂ ಕಪ್ ಹಿಡಿದು ಲಿಫ್ಟ್ ಹತ್ತಲಿಲ್ಲ. ಆರು ವರ್ಷದಲ್ಲಿ ಒಂದೇ ಒಂದು ಫೈನಲ್, ಅದೂ ಸೋತದ್ದು.

ಆ ಸೋಲೇ ಅವರ ಹೆಸರಾಗಿಬಿಟ್ಟಿತ್ತು. ನಮ್ಮವರು ಒಂದು ಗೋಲು ಮುಂದಿದ್ದರು, ಇಪ್ಪತ್ತು ನಿಮಿಷ ಬಾಕಿ. ಗೋಲು ಹೊಡೆದ ಹುಡುಗನನ್ನೇ ಕಾಕ ಕೈ ಬೀಸಿ ಹೊರಗೆ ಕರೆದು ಬೆಂಚಿನ ಮೇಲೆ ಕೂರಿಸಿದರು. ಹುಡುಗ ಅತ್ತುಕೊಂಡು ಬಂದ. ಆಮೇಲೆ ಎರಡು ಗೋಲು ತಿಂದೆವು. ಯಾಕೆ ತೆಗೆದಿರಿ ಎಂದು ಪ್ರಿನ್ಸಿಪಾಲರು ಕೇಳಿದರು, ಹುಡುಗರು ಕೇಳಿದರು, ಕಟ್ಟಡದ ಕೆಳಗಿನ ದಿನಸಿ ಅಂಗಡಿ ಬಕಾಲಾದಲ್ಲಿ ಹಾಲು ತರಲು ಹೋದವರೆಲ್ಲ ಕೇಳಿದರು. ಕಾಕ "ನನ್ನ ತಪ್ಪು" ಎನ್ನುತ್ತಿದ್ದರು. ಅದಕ್ಕಿಂತ ಒಂದು ಮಾತು ಹೆಚ್ಚಿಲ್ಲ.

ಮುಂದಿನ ವರ್ಷ ಕಾಲೇಜು ಫುಟ್‌ಬಾಲ್ ತಂಡವನ್ನೇ ಮುಚ್ಚಿತು. ಕಾಕನ ಕೆಲಸ ಜೂನ್‌ವರೆಗೆ ಮಾತ್ರ. ಕೆಲಸ ಹೋದರೆ ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿ, ಹೋಯಿತು. ಅವರ ಇಕಾಮಾದ ಬಾಲಕ್ಕೆ ಕಟ್ಟಿಕೊಂಡದ್ದು ಹೆಂಡತಿಯದು, ಏಳನೇ ಕ್ಲಾಸಿನ ಮಗಳದು. ಮೂವರೂ ಗಂಟುಮೂಟೆ ಕಟ್ಟಬೇಕು. ಆಗಲೇ ಇನ್ನೊಂದು ಕಾಲೇಜಿನಿಂದ ಇಂಟರ್‌ವ್ಯೂಗೆ ಕರೆ ಬಂತು. ಆ ವಾರವಿಡೀ ಬಕಾಲಾದಲ್ಲಿ ಒಂದೇ ಚರ್ಚೆ: ಈ ರೆಕಾರ್ಡಿಗೆ ಯಾರಾದರೂ ಕೆಲಸ ಕೊಡುತ್ತಾರಾ?

"ಆರು ವರ್ಷಕ್ಕೆ ಒಂದು ಕಪ್ ಇಲ್ಲ ಮಾರಾಯ್ರೆ, ಚಾ ಕುಡಿಲಿಕ್ಕಾದ್ರೂ ಒಂದು ಬೇಡ್ವಾ?" ಎಂದ ಬಕಾಲಾದವನು.

"ಟೀಮು ನಿಂತ್ರೆ ಅಲ್ವಾ ಕಪ್ಪು?" ಎಂದರು ಅಪ್ಪ. "ಹುಡುಗನ ಅಪ್ಪನ ಇಕಾಮಾ ಖಲಾಸ್ ಆದ್ರೆ ಗೋಲ್‌ಕೀಪರೂ ಖಲಾಸ್. ಮಾರ್ಚಿನಲ್ಲಿ ಇದ್ದ ಹನ್ನೊಂದು ಮಂದಿ ಮೇ ತಿಂಗಳಲ್ಲಿ ಉಂಟಾ ಹೇಳಿ?"

"ಉಳಿದ ಕಾಲೇಜಿನವರೂ ಕುವೈತಲ್ಲೇ ಆಡುದಲ್ವಾ? ಅವರೇನು ಚಂದ್ರಲೋಕದವರಾ?"

ಬಕಾಲಾದವನ ವಾದವೇ ಗಟ್ಟಿ ಎಂದು ನನಗೆ ಅನಿಸಿತ್ತು. ಹಾಗೆ ಹೇಳಿಯೂ ಬಿಟ್ಟೆ. ಅಪ್ಪ ಮೊಸರಿನ ಡಬ್ಬಿ ಹಿಡಿದುಕೊಂಡು ಲಿಫ್ಟ್ ಹತ್ತಿದರು.

ಇಂಟರ್‌ವ್ಯೂಗೆ ಎರಡು ದಿನ ಮೊದಲು, ಶುಕ್ರವಾರ ಮಧ್ಯಾಹ್ನದ ನಮಾಜ್ ಮುಗಿಸಿ ಕಾಕ ನಮ್ಮ ಮನೆಗೆ ಬಂದರು. ಕೈಯಲ್ಲಿ ಒಂದು ಫೈಲು, ಸ್ಟೀಲ್ ಡಬ್ಬಿಯಲ್ಲಿ ಉಪ್ಪು ಹಚ್ಚಿದ ಕಿತ್ತಳೆ ಹೋಳು, ಕೊರಳಲ್ಲಿ ಸ್ಟಾಪ್‌ವಾಚು. ಹೋಳುಗಳನ್ನು ಹಾಫ್ ಟೈಮಿಗೆ ಹುಡುಗರಿಗೆ ಕತ್ತರಿಸುವ ಹಾಗೆಯೇ ಉದ್ದಕ್ಕೆ ಕತ್ತರಿಸಿದ್ದರು. "ನೀನು ಅವರ ಕಡೆ ಕೂತ್ಕೊ, ನನ್ನನ್ನು ಕೇಳು. ಕೆಳಗಿನ ಮನೆ ಕಾಕ ಅಂತ ದಾಕ್ಷಿಣ್ಯ ಮಾಡ್ಲಿಕ್ಕಿಲ್ಲ. ಅಲ್ಲಿ ಯಾರೂ ಮಾಡುದಿಲ್ಲ" ಎಂದು ಸ್ಟಾಪ್‌ವಾಚ್ ಬಿಚ್ಚಿ ನನ್ನ ಮುಂದಿಟ್ಟರು. ಒಂದು ಉತ್ತರಕ್ಕೆ ಎರಡು ನಿಮಿಷ. ಇಂಗ್ಲಿಷಿನಲ್ಲೇ. ಆಮೇಲೆ ತಪ್ಪು ತಿದ್ದಿಕೊಳ್ಳಲಿ ಎಂದು ನಾನು ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿದೆ.

ನನಗೆ ಹತ್ತೊಂಬತ್ತು. ಇಷ್ಟು ದೊಡ್ಡವರೊಬ್ಬರು ಬಂದು ನನ್ನೆದುರು ಕೂತು "ಯೆಸ್ ಮೇಡಂ" ಎಂದದ್ದು... ಅದರ ಖುಷಿ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಫೈಲಿನ ಪ್ರತಿ ವರ್ಷಕ್ಕೂ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದೆ. ಇಷ್ಟು ಆಡಿದ್ದೀರಿ, ಇಷ್ಟೇ ಗೆದ್ದಿದ್ದೀರಿ, ಯಾಕೆ? ಕಾಕನ ಇಂಗ್ಲಿಷು ಒಂದೊಂದೇ ಮೆಟ್ಟಿಲು ಇಳಿಯುವವರ ಹಾಗೆ, ಕೈ ಹಿಡಿದುಕೊಂಡು ಇಳಿಯುತ್ತಿತ್ತು. ನಾನು ಕಾಯಲಿಲ್ಲ. ಡಿಬೇಟಿನಲ್ಲಿ ನಮ್ಮ ಕೆಲಸದ ರೀತಿಯೇ ಅದು: ಎದುರಿನವರ ಮೊದಲ ಎರಡು ವಾಕ್ಯ ಕೇಳಿದರೆ ಅವರ ವಾದ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯುತ್ತದೆ; ಆಮೇಲೆ ಅವರು ಮಾತಾಡುತ್ತಾ ಇರುತ್ತಾರೆ, ನಾವು ತಲೆ ತಗ್ಗಿಸಿ ನಮ್ಮ ಉತ್ತರ ಬರೆದುಕೊಳ್ಳುತ್ತಾ ಇರುತ್ತೇವೆ. ಚೆನ್ನಾಗಿ ಕೇಳಿಸಿಕೊಂಡಳು ಎಂದು ತೀರ್ಪುಗಾರರು ಅದಕ್ಕೇ ಅಂಕ ಕೊಡುತ್ತಾರೆ.

ಫೈನಲಿನ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ಗೆಲ್ಲುತ್ತಿರುವಾಗ ನಿಮ್ಮ ಅತ್ಯುತ್ತಮ ಆಟಗಾರನನ್ನು ಯಾಕೆ ಹೊರಗೆ ತೆಗೆದಿರಿ? ಕಾಕ ಬಹಳ ಹೊತ್ತು ಸುಮ್ಮನಿದ್ದರು. ಅವನು ಒಳ್ಳೆಯ ಹುಡುಗ ಎಂದು ಇಂಗ್ಲಿಷಿನಲ್ಲಿ ಹೇಳಿ ಮತ್ತೆ ನಿಂತರು. ಆಮೇಲೆ ಕನ್ನಡಕ್ಕೆ ಜಾರಿದರು. ನಾನು ಪೆನ್ನಿನಿಂದ ಮೇಜು ಕುಟ್ಟಿ, ಇಂಗ್ಲಿಷ್ ಪ್ಲೀಸ್ ಎಂದೆ. ಅಷ್ಟರಲ್ಲಿ ಸ್ಟಾಪ್‌ವಾಚ್ ಬೀಪ್ ಆಯಿತು. ಟೈಮ್, ಎಂದೆ. ನಿಮ್ಮಲ್ಲಿ ಇದಕ್ಕೆ ಉತ್ತರವಿಲ್ಲ ಎಂದು ಬರೆದುಕೊಳ್ಳುತ್ತೇನೆ, ಎಂದೆ.

"ಓಕೆ, ಮೇಡಂ" ಎಂದರು ಕಾಕ.

ಕೊನೆಯಲ್ಲಿ ತೀರ್ಪನ್ನೂ ನಾನೇ ಕೊಟ್ಟೆ. ಈ ರೆಕಾರ್ಡು ನೋಡಿದರೆ ನಾನು ನಿಮಗೆ ಕೆಲಸ ಕೊಡುವುದಿಲ್ಲ. ಕಾಕ ನಕ್ಕು, "ಶಾಬಾಸ್, ನಾನಿದ್ರೂ ಕೊಡ್ತಿರ್ಲಿಲ್ಲ" ಎಂದು ಕೊನೆಯ ಕಿತ್ತಳೆ ಹೋಳನ್ನು ನನ್ನ ಕಡೆ ತಳ್ಳಿ ಎದ್ದರು. ರೆಕಾರ್ಡಿಂಗ್ ಕಳಿಸಲಾ ಎಂದು ಕೇಳಿದೆ. ಬೇಡ, ಎಲ್ಲ ನೆನಪುಂಟು, ಎಂದರು.

ಭಾನುವಾರ ಬೆಳಿಗ್ಗೆ ಅವರು ಕೋಟು ಹಾಕಿಕೊಂಡು ಲಿಫ್ಟ್ ಇಳಿದದ್ದನ್ನು ಅಪ್ಪ ನೋಡಿದ್ದರು. ಇಂಟರ್‌ವ್ಯೂ ಏನಾಯಿತು ಎನ್ನುವುದು ಒಂದು ವಾರದ ಮೇಲೆ ಅವರ ಹೆಂಡತಿ ಅಮ್ಮನ ಹತ್ತಿರ ಹೇಳಿದಾಗ ತಿಳಿಯಿತು. ಕಾಕ ಆ ಕಾಲೇಜಿನ ಗೇಟಿನವರೆಗೆ ಹೋಗಿ ತಿರುಗಿ ಬಂದಿದ್ದರಂತೆ. "ಮೇಲಿನ ಮನೆ ಹುಡುಗಿಗೇ ಉತ್ತರ ಕೊಡ್ಲಿಕ್ಕೆ ಆಗ್ಲಿಲ್ಲ, ಇನ್ನು ಅವರಿಗೆ ಎಂತ ಕೊಡುದು" ಎಂದಿದ್ದರಂತೆ. ಅಮ್ಮ ಇದನ್ನು ಹೇಳುತ್ತಾ ನನ್ನ ಮುಖ ನೋಡಲಿಲ್ಲ. ಅವರೇ ಅಲ್ವಾ ದಾಕ್ಷಿಣ್ಯ ಬೇಡ ಅಂದದ್ದು, ಎಂದು ನಾನು ವಾದಿಸಿದೆ. ಹೋಗದೆ ಇದ್ದದ್ದು ಅವರ ನಿರ್ಧಾರ, ನನ್ನದಲ್ಲ. ಈ ವಾದದಲ್ಲಿ ಈಗಲೂ ಒಂದು ತೂತು ಹುಡುಕಲು ನನಗೆ ಆಗುವುದಿಲ್ಲ. ಆದರೆ ಅದನ್ನು ಹಿಡಿದುಕೊಂಡು ಮೂರನೇ ಮಹಡಿಯಲ್ಲಿ ಇಳಿಯುವ ಧೈರ್ಯ ಆಗಲೂ ಬರಲಿಲ್ಲ. ಜೂನ್‌ವರೆಗೆ ಮೆಟ್ಟಿಲಿನಲ್ಲೇ ಓಡಾಡಿದೆ...

ಅವರು ಹೊರಟ ದಿನ ಕಟ್ಟಡದವರೆಲ್ಲ ಕೆಳಗಿಳಿದಿದ್ದರು. ಕಾಕನ ಮಗಳು ಅಳುತ್ತಿರಲಿಲ್ಲ, ಟ್ಯಾಕ್ಸಿಯ ಕಿಟಕಿಗೆ ಹಣೆ ಒತ್ತಿ ಕೂತಿದ್ದಳು. ನಾನು ಪರೀಕ್ಷೆ ಇದೆ ಎಂದು ಮೇಲೆಯೇ ಉಳಿದೆ. ಪರೀಕ್ಷೆ ಇದ್ದದ್ದು ಮರುದಿನ.

ಹವಲ್ಲಿಯಿಂದ ಬಂದ ಸಂಜೆ, ಹೊಸ ಫೋನಿಗೆ ಇಳಿಸಿಕೊಂಡ ಆ ರೆಕಾರ್ಡಿಂಗನ್ನು ಇಷ್ಟು ವರ್ಷಗಳಲ್ಲಿ ಮೊದಲ ಸಲ ಕೇಳಿದೆ. ನನ್ನ ಯೋಚನೆ ಸರಳವಾಗಿತ್ತು: ನನ್ನ ದನಿಯನ್ನೆಲ್ಲ ಕತ್ತರಿಸಿ, ಕಾಕನ ಉತ್ತರಗಳನ್ನು ಮಾತ್ರ ಮಗಳಿಗೆ ಕಳಿಸುವುದು. ಮೂವತ್ತೇಳನೇ ನಿಮಿಷದವರೆಗೆ ಕೆಲಸ ಚೆನ್ನಾಗಿಯೇ ನಡೆಯಿತು. ಆಮೇಲೆ ಫೈನಲಿನ ಪ್ರಶ್ನೆ ಬಂತು. ಏಸಿಯ ಸದ್ದು. ಕಾಕನ ಮೌನ. ಒಳ್ಳೆಯ ಹುಡುಗ. ಅದರ ಮೇಲೆ ನನ್ನ ಪೆನ್ನಿನ ಟಕಟಕ, ನನ್ನ ಇಂಗ್ಲಿಷ್ ಪ್ಲೀಸ್, ಬೀಪು. ಅವುಗಳ ಅಡಿಯಲ್ಲಿ, ತೆಳ್ಳಗೆ, ಕಾಕ ಕನ್ನಡದಲ್ಲಿ ಮಾತಾಡುತ್ತಲೇ ಇದ್ದರು. ಹೆಡ್‌ಫೋನ್ ಹಾಕಿ ಒಂಬತ್ತೋ ಹತ್ತೋ ಸಲ ತಿರುಗಿಸಿದ ಮೇಲೆ ಪೂರ್ತಿ ಸಿಕ್ಕಿತು.

"ಅವನ ಮೊಣಕಾಲು ಬಾತಿತ್ತು ಮಗಾ. ಅವ ಹೇಳ್ಲಿಲ್ಲ, ಓಡುವಾಗ ನನಗೆ ಕಂಡಿತು. ನಾಳೆ ಅವ ಅಪ್ಪನ ಹಾಗೆ ಪ್ಲಾಂಟಿಗೇ ಕೆಲಸಕ್ಕೆ ಹೋಗ್ಬೇಕಾದವ. ಅಲ್ಲಿ ಮೆಡಿಕಲಲ್ಲಿ ಕೂತು ಎದ್ದು ಮಾಡಿಸ್ತಾರೆ. ಕಾಲು ಸರಿ ಇಲ್ಲ ಅಂತ ಒಬ್ಬನ ಬಾಯಿಗೆ ಬಿದ್ರೆ ಮತ್ತೆ ಅವನನ್ನು ಯಾರು ತಗೊಳ್ತಾರೆ? ಅದಕ್ಕೆ ನಾನು ಎಲ್ಲಿಯೂ ಹೇಳ್ಲಿಲ್ಲ. ಆರು ವರ್ಷದಲ್ಲಿ ನನ್ನ ಕೈಯಿಂದ ಒಬ್ಬನೂ ಕುಂಟಿಕೊಂಡು ಹೋಗ್ಲಿಲ್ಲ, ಅದನ್ನು ಬರಿಲಿಕ್ಕೆ ಈ ಫೈಲಲ್ಲಿ ಜಾಗ ಇಲ್ಲ..."

ಉತ್ತರವಿಲ್ಲ ಎಂದು ನಾನು ಬರೆದುಕೊಂಡದ್ದು ಇದಕ್ಕೆ.

ಆ ಹುಡುಗ ಈಗ ನಮ್ಮ ಬೀದಿಯಲ್ಲೇ ಇದ್ದಾನೆ. ಬೆಳಿಗ್ಗೆ ಪ್ಲಾಂಟಿನ ಬಸ್ಸು ಹೊರಟಾಗ ಊಟದ ಚೀಲ ಎದೆಗೆ ಒತ್ತಿಕೊಂಡು ಅದರ ಹಿಂದೆ ಓಡುತ್ತಾನೆ, ಹೆಚ್ಚಾಗಿ ಹಿಡಿಯುತ್ತಾನೆ. ಅವನಿಗೆ ಇದನ್ನು ಕೇಳಿಸಿದೆ. ಅವನ ಒಪ್ಪಿಗೆ ಕೇಳಿಯೇ ಮೊಣಕಾಲಿನ ವಿಷಯ ಬರೆದಿದ್ದೇನೆ. ಅವನು ಕೇಳಿ, ಹೆಡ್‌ಫೋನ್ ಬಿಚ್ಚಿ, ಅದರ ವೈರು ಸುತ್ತಿಟ್ಟ. "ನಾನು ಅವರ ಹತ್ತಿರ ಒಂದು ವರ್ಷ ಮಾತಾಡ್ಲಿಲ್ಲ" ಎಂದ.

ಈ ಉತ್ತರ ಗೊತ್ತಿದ್ದರೂ ಆ ಕಾಲೇಜಿನವರು ಕಾಕನಿಗೆ ಕೆಲಸ ಕೊಡುತ್ತಿದ್ದರಾ? ಕಾರ್ನರ್ ಕಿಕ್ಕುಗಳು ಹಾಗೇ ಇದ್ದವಲ್ಲ. ಕೊಡುತ್ತಿದ್ದರು ಎಂದು ಹೇಳಿಬಿಡುವ ಆಸೆ ಆಗುತ್ತದೆ, ಪುರಾವೆ ಇಲ್ಲ. ಗೊತ್ತಿರುವುದು ಇಷ್ಟು: ಅವರು ಒಂದೇ ಸಲ, ಒಬ್ಬಳೇ ಒಬ್ಬಳ ಹತ್ತಿರ ಇದನ್ನು ಬಾಯಿಬಿಟ್ಟು ಹೇಳಿ ನೋಡಿದ್ದರು. ಅದು ಸಾಕಾಗುತ್ತದೋ ಇಲ್ಲವೋ ಎಂದು ತಿಳಿಯಲೆಂದೇ ಐದನೇ ಮಹಡಿಗೆ ಬಂದಿದ್ದರೇನೋ...

ಕತ್ತರಿಸಲು ನೋಡಿದೆ. ಆಗಲಿಲ್ಲ. ಉಳಿದ ಕಡೆ ನನ್ನ ದನಿ ಬೇರೆ, ಅವರ ದನಿ ಬೇರೆ ಇತ್ತು. ಇಲ್ಲಿ ನನ್ನದು ಅವರದರ ಮೇಲೇ ಕೂತಿತ್ತು. ನನ್ನನ್ನು ತೆಗೆದರೆ ಅವರೂ ಹೋಗುತ್ತಿದ್ದರು. ಎರಡು ದಿನ ಹಾಗೇ ಇಟ್ಟುಕೊಂಡು, ಕೊನೆಗೆ ಇಡೀ ನಲವತ್ತೊಂದು ನಿಮಿಷವನ್ನು ಕಾಕನ ಮಗಳಿಗೆ ಕಳಿಸಿದೆ. ಅವಳು ಈಗ ಊರಿನಲ್ಲಿ ಕಾಲೇಜಿಗೆ ಹೋಗುತ್ತಾಳೆ. ಮೂವತ್ತೇಳನೇ ನಿಮಿಷದಲ್ಲಿ ಅಪ್ಪ ಹೇಳಿದ್ದು ಸರಿಯಾಗಿ ಕೇಳಿಸುವುದಿಲ್ಲ ಎಂದು ಅಷ್ಟನ್ನೂ ಟೈಪ್ ಮಾಡಿ ಜೊತೆಗಿಟ್ಟೆ. ಬೇರೆ ಏನೂ ಬರೆಯಲಿಲ್ಲ.

ಉತ್ತರ ಮರುದಿನ ಬಂತು. ಅಮ್ಮ ಇದನ್ನು ಮೂರು ಸಲ ಹಾಕಿಸಿಕೊಂಡು ಕೇಳಿದರು, ಎಂದಿದ್ದಳು. ಅಪ್ಪ ಇಷ್ಟೊಂದು ಇಂಗ್ಲಿಷ್ ಮಾತಾಡುತ್ತಿದ್ದರು ಎಂದು ನಮಗೆ ಗೊತ್ತೇ ಇರಲಿಲ್ಲ, ಎಂದಿದ್ದಳು. ಅದರ ಕೆಳಗೆ ಇನ್ನೊಂದು ಸಾಲು: ಪ್ರಶ್ನೆ ಕೇಳುವ ಆ ಮೇಡಂ ಯಾರು? ಅಮ್ಮನನ್ನು ಕೇಳಿದರೆ ಹೇಳುತ್ತಿಲ್ಲ. ಅಪ್ಪನ ಮೇಲೆ ಅವರಿಗೆ ಯಾಕೆ ಅಷ್ಟು ಸಿಟ್ಟು?

ಅದು ನಾನು, ಎಂದು ಟೈಪ್ ಮಾಡಿದೆ. ಸಿಟ್ಟು ಇರಲಿಲ್ಲ, ಎಂದೂ ಸೇರಿಸಿದೆ. ಆಮೇಲೆ ರೆಕಾರ್ಡಿಂಗನ್ನು ಇನ್ನೊಮ್ಮೆ ಕೇಳಿದೆ. ಎರಡನೆಯ ವಾಕ್ಯಕ್ಕೆ ಅದರಲ್ಲಿ ಎಲ್ಲಿಯೂ ಆಧಾರ ಸಿಗಲಿಲ್ಲ. ಅದನ್ನು ಅಳಿಸಿ, ಮೊದಲನೆಯದನ್ನು ಮಾತ್ರ ಕಳಿಸಿದೆ.